ಮಡಿಲಿಗೆ ಹಾಕಿದ ಮಾತು

ಮುಖ್ಯಮಂತ್ರಿ ಯಾರಾಗಬೇಕು ಎನ್ನುವುದಕ್ಕೂ ನಮ್ಮವ್ವನ ತವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನನಗೂ ಆಗ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಏರಿದರು. ಅದೇ ವಾರ ಅವ್ವನ ಪಾಲಿಗೆ ತವರು ಇಲ್ಲವಾಯಿತು. ಅವ್ವ ತೀರಿಕೊಂಡು ವರ್ಷ ದಾಟಿದೆ. ಅವಳ ಬಗ್ಗೆ ಏನಾದರೂ ಬರೆಯಬೇಕು ಎಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಗಲಾಟೆಯೇ. ನಾನು ಮಿಡ್ಲ್ ಸ್ಕೂಲಿನವರೆಗೆ ಓದಿದವಳು. ರಾಜಕೀಯ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ನಮ್ಮ ಮನೆಯೊಳಗೆ ಅದು ಬಂದು ಹೋದಷ್ಟನ್ನು ಮಾತ್ರ ಬರೆಯುತ್ತೇನೆ.

ನಮ್ಮೂರು ಭೀಮನಬೀಡಿನ ಹತ್ತಿರ. ಅಪ್ಪ ಈರುಳ್ಳಿ, ಹುರುಳಿ ಬೆಳೆದು ಗುಂಡ್ಲುಪೇಟೆಯ ಮಂಡಿಗೆ ಹಾಕುತ್ತಿದ್ದ. ಸ್ವಾತಂತ್ರ್ಯ ಬರುವ ಮೊದಲಿನಿಂದಲೂ ಅವನಿಗೆ ಪಕ್ಷದ ಹುಚ್ಚು. ಖಾದಿ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಯಾವ ಹುದ್ದೆಯೂ ಇಲ್ಲ, ಕೇಳಿದವನೂ ಅಲ್ಲ. ಸುತ್ತಲ ಊರುಗಳಲ್ಲಿ ಯಾರಿಗೆ ಓಟು ಎಂದು ಯಜಮಾನರು ಯೋಚಿಸುವಾಗ ಅಪ್ಪನನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಅವನಿಗೆ ಅಷ್ಟೇ ಸಾಕಾಗಿತ್ತು.

ಅವ್ವನ ತವರು ಹರವೆ ಕಡೆ. ಅವಳಿಗೆ ಒಬ್ಬನೇ ತಮ್ಮ. ಅವನು ಕೂಸಾಗಿದ್ದಾಗಲೇ ಅಜ್ಜಿ ಹೋಗಿಬಿಟ್ಟಳಂತೆ. ಅವ್ವ ಅವನನ್ನು ಕಂಕುಳಲ್ಲಿ ಇಟ್ಟುಕೊಂಡೇ ಸೌದೆ, ನೀರು, ಒಲೆ ನೋಡಿಕೊಂಡವಳು. ಮದುವೆಯಾಗಿ ಬರುವಾಗ ಅವನೂ ಗಾಡಿಯ ಹಿಂದೆ ಓಡಿಬಂದು ಆರು ತಿಂಗಳು ನಮ್ಮ ಮನೆಯಲ್ಲೇ ಇದ್ದನಂತೆ. ಅವನು ಮೈಸೂರಿನಲ್ಲಿ ಓದಿ, ಪಕ್ಷದಲ್ಲಿ ಬೆಳೆದು, ಮೊದಲ ಚುನಾವಣೆಯಲ್ಲೇ ಅಸೆಂಬ್ಲಿಗೆ ಗೆದ್ದ. ಜನ ಅವನನ್ನು ಮೆಂಬರು ಎಂದು ಕರೆಯುತ್ತಿದ್ದರು. ಅವ್ವ ಮಾತ್ರ ‘ಕೂಸು’ ಅನ್ನುತ್ತಿದ್ದಳು. ಮೀಸೆ ಬಂದವನನ್ನು, ಜೀಪಿನಲ್ಲಿ ಓಡಾಡುವವನನ್ನು, ‘ನಮ್ ಕೂಸು ಬಂದದೆ, ರಾಗಿ ಹಿಟ್ಟು ಜರಡಿ ಹಿಡೀರಿ’ ಎಂದು ಕೂಗುತ್ತಿದ್ದಳು.

ಆ ವರ್ಷ ಕನ್ನಡ ನಾಡೆಲ್ಲ ಒಂದಾಗುವ ಮಾತು ನಡೆಯುತ್ತಿತ್ತು. ಅದರ ನಡುವೆಯೇ ಪಕ್ಷದೊಳಗೆ ಕಿತ್ತಾಟ ಶುರುವಾಯಿತು. ಮುಖ್ಯಮಂತ್ರಿಯಾಗಿದ್ದವರನ್ನು ಇಳಿಸಬೇಕು ಎಂದು ಅರ್ಧ ಮೆಂಬರುಗಳು, ಕೂಡದು ಎಂದು ಇನ್ನರ್ಧ. ಎಲ್ಲ ಸೇರಿ ಸಭೆ ಮಾಡಿ ಕೈಯೆತ್ತಿ ತೀರ್ಮಾನ ಮಾಡುತ್ತಾರೆ ಎಂದು ಸುದ್ದಿ. ಅಪ್ಪ ಇದ್ದವರ ಕಡೆ. ಆ ದೊಡ್ಡವರು ಒಮ್ಮೆ ಗುಂಡ್ಲುಪೇಟೆಗೆ ಬಂದಿದ್ದಾಗ ಅಪ್ಪ ತಾನೇ ನೂತ ನೂಲಿನ ಹಾರ ಹಾಕಿದ್ದ. ಅವರು ಅದನ್ನು ಬಿಚ್ಚಿ ಅಪ್ಪನ ಕೊರಳಿಗೇ ಹಾಕಿದ್ದರು. ಅಪ್ಪನ ರಾಜಕೀಯ ಆ ಹಾರದಷ್ಟೇ ಸರಳವಾಗಿತ್ತು.

ಮಂಡಿಯಲ್ಲಿ ಅಪ್ಪನನ್ನು ಕೆಣಕುವವರು ಹುಟ್ಟಿಕೊಂಡರು. ಈರುಳ್ಳಿ ತೂಕ ಹಾಕಿಸುತ್ತಿದ್ದಾಗ ಮಂಡಿ ಯಜಮಾನ, ‘ಏನಪ್ಪ, ನಿನ್ ಭಾಮೈದ ಯಾವ ಕಡೆ? ತಕ್ಕಡೀಲಿ ಯಾವ ತಟ್ಟೆ?’ ಎಂದು ಕೇಳಿದ.

‘ಇದ್ದ ಕಡೇನೆ,’ ಎಂದ ಅಪ್ಪ.

‘ಇದ್ದ ಕಡೆ ಅಂದ್ರೆ? ಗೆದ್ದೋರಿದ್ದ ಕಡೇನಾ?’

ಸುತ್ತ ಇದ್ದವರು ನಕ್ಕರು. ಮೂಟೆ ಹೊರುವವನೊಬ್ಬ, ‘ಮೆಂಬರ್ನ ಒಂದು ಸರಿ ಮೂಟೆ ಬಿಗಿದಂಗೆ ಬಿಗೀಬೇಕು ಬುಡಿ ಅಣ್ಣ, ಇಲ್ದಿದ್ರೆ ದಾರೀಲಿ ಉದುರ್ತಾನೆ’ ಎಂದ. ಅಪ್ಪನೂ ನಕ್ಕನಂತೆ. ಆದರೆ ಮನೆಗೆ ಬಂದವನು ಉಣ್ಣಲಿಲ್ಲ. ಸುತ್ತಿನ ಊರುಗಳಲ್ಲಿ ಭಾಮೈದನಿಗೆ ಓಟು ಕೇಳಿದವನು ತಾನು. ನಮ್ಮ ಓಟು ಎಲ್ಲಿಗೆ ಹೋಯಿತು ಎಂದು ನಾಳೆ ಅವರು ಕೇಳುವುದೂ ತನ್ನನ್ನೇ. ಹೀಗೆಂದು ಕಂಬಕ್ಕೆ ಒರಗಿ ಕೂತ.

ಅವ್ವ ಅವನ ಮುಂದಿನ ತಣಿಗೆಯನ್ನು ಎತ್ತಿಡುತ್ತ ಹೇಳಿದಳು: ‘ಅದ್ಕೇನಂತೆ. ನಾನೋಗಿ ಕೇಳ್ಕ ಬತ್ತೀನಿ ಬುಡಿ.’

‘ನೀನೋಗಿ ಏನಂತ ಕೇಳಿಯೆ? ಇದು ರಾಜ್ಕೀಯ ಕಣಮ್ಮಿ.’

‘ನಂಗೆ ರಾಜ್ಕೀಯ ಗೊತ್ತಿಲ್ಲ. ಕೂಸು ಗೊತ್ತು.’

ನಮ್ಮ ಕಡೆ ಮದುವೆಯಾದ ಹೆಣ್ಣು ತವರಿನಿಂದ ಹೊರಡುವಾಗ ಮಣೆ ಮೇಲೆ ಕೂರಿಸಿ ಮಡಿಲಕ್ಕಿ ಹಾಕುತ್ತಾರೆ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಅದನ್ನು ಬಿಗಿದು ಕಟ್ಟಿಕೊಂಡು ಗಂಡನ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಬಿಚ್ಚಬೇಕು. ಆ ಅಕ್ಕಿಯಲ್ಲಿ ಪಾಯಸ ಮಾಡಿ ಮನೆಯವರೆಲ್ಲ ತಿನ್ನಬೇಕು. ಮಾರುವಂತಿಲ್ಲ, ಚೆಲ್ಲುವಂತಿಲ್ಲ. ಮಡಿಲಿಗೆ ಅಕ್ಕಿ ಹಾಕುವಾಗ ಅಣ್ಣತಮ್ಮಂದಿರು ಆಡಿದ ಮಾತನ್ನು ಮೀರಿದವರನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಹೊಲದ ಪಾಲು, ಮಗಳಿಗೆ ಗಂಡು, ಬಾಣಂತನದ ಹೊಣೆ, ಎಲ್ಲವೂ ಹಾಗೆಯೇ ನಡೆದುಬಂದಿದ್ದವು. ಆ ಮಾತಿಗೆ ಸಾಕ್ಷಿ ಬೇಕಾಗಿರಲಿಲ್ಲ.

ಹಬ್ಬವಲ್ಲ, ಹುಣ್ಣಿಮೆಯಲ್ಲ, ಅವ್ವ ಗಾಡಿ ಕಟ್ಟಿಸಿದಳು. ಜೊತೆಗೆ ನಾನು. ತವರಿನ ಜಗಲಿಯ ತುಂಬ ಬಿಳಿ ಟೋಪಿಯವರು ಕೂತಿದ್ದರು. ಮಾವ ಬೆಂಗಳೂರಿನಿಂದ ಒಂದೇ ದಿನದ ಮಟ್ಟಿಗೆ ಬಂದಿದ್ದ. ಅವ್ವನನ್ನು ನೋಡಿ ಎದ್ದು ಬಂದು, ‘ಏನಕ್ಕ, ಹೇಳ್ದೆ ಕೇಳ್ದೆ? ಭಾವ ಏನಾರ ಬೈದ್ರಾ?’ ಎಂದ.

‘ಬೈದಿಲ್ಲ. ಮಡ್ಲಕ್ಕಿ ಇಸ್ಕೊಂಡೋಗನ ಅಂತ ಬಂದೆ.’

ಮಾವ ನಗುತ್ತ ಜಗಲಿಯವರ ಕಡೆ ತಿರುಗಿ, ‘ನೋಡ್ರಪ್ಪ, ಎಲ್ರೂ ನನ್ ಹತ್ರ ಪೋಸ್ಟು ಕೇಳೋಕೆ ಬಂದವ್ರೆ. ನಮ್ಮಕ್ಕ ಒಬ್ಬಳೇ ಅಕ್ಕಿ ಕೇಳೋಕೆ ಬಂದೋಳು’ ಎಂದ. ಅವರೂ ನಕ್ಕರು. ನಮ್ಮ ಅತ್ತೆ, ಮಾವನ ಹೆಂಡತಿ, ಒಳಗಿನಿಂದ ಮೊರದ ತುಂಬ ಅಕ್ಕಿ ತಂದಳು. ಸಾಮಾನ್ಯವಾಗಿ ಅತ್ತಿಗೆ ನಾದಿನಿಯರೇ ಹಾಕುವುದು. ಅವ್ವ ಸೆರಗು ಒಡ್ಡಲಿಲ್ಲ. ‘ನೀ ಹಾಕು ಕೂಸು’ ಎಂದಳು.

ಮಾವ ಮಂಡಿಯೂರಿ ಕೂತ. ಅವ್ವ ಸೆರಗೊಡ್ಡಿ ಕೇಳಿದಳು: ‘ಆ ದೊಡ್ಡೋರ ಕೈ ಬುಡಾಕಿಲ್ಲ ತಾನೆ?’

ಅವನ ನಗು ಸ್ವಲ್ಪ ಕಡಿಮೆಯಾಯಿತು. ‘ನಿಂಗ್ಯಾಕಕ್ಕ ಇದೆಲ್ಲ?’

‘ನಿಮ್ ಭಾವ ಊರೂರಿಗೆ ಮಾತು ಕೊಟ್ಟವ್ರೆ.’

ಮಾವ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡ. ‘ಇಲ್ಲ ಕಣಕ್ಕ, ಬುಡಾಕಿಲ್ಲ. ಎಲ್ರೂ ಆ ಕಡೆ ಹೋದ್ರೂ ನಾನೊಬ್ನೆ ಈ ಕಡೆ ನಿಂತಿರ್ತೀನಿ. ತಪ್ಪುದ್ರೆ ನಿಂಗೆ ತಮ್ಮ ಇಲ್ಲ ಅಂದ್ಕೊ.’

‘ತಮ್ಮ ಇಲ್ದಿದ್ರೆ ತವ್ರೂ ಇಲ್ಲ ಕಣಪ್ಪ. ನೋಡ್ಕೊಂಡು ಹಾಕು.’

ಅವನು ಹಾಕಿದ. ಮೂರು ಬೊಗಸೆ ಹಾಕಿ, ಬೆಲ್ಲದ ಅಚ್ಚಿಟ್ಟು, ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ನನಗೆ ಕೇಳಲಿಲ್ಲ. ದಾರಿಯುದ್ದಕ್ಕೂ ಅವ್ವ ಮಡಿಲು ಹಿಡಿದುಕೊಂಡೇ ಕೂತಿದ್ದಳು. ಗಾಡಿ ಕುಲುಕಿದಾಗ ನಾನು ಅವಳನ್ನು ಹಿಡಿದುಕೊಂಡರೆ, ‘ನನ್ನೇನು ಹಿಡ್ಕತಿಯೇ, ಅಕ್ಕಿ ಹಿಡ್ಕೊ’ ಎಂದಳು.

ಅಪ್ಪನಿಗೆ ಹೋದ ಜೀವ ಬಂತು. ಮಾರನೆಯ ದಿನವೇ ಸೈಕಲ್ಲು ಹತ್ತಿ ಹೊರಟ. ಕಂಡಕಂಡವರಿಗೆಲ್ಲ ಹೇಳಿದ. ‘ಕೈಯೆತ್ತಿ ಕೊಟ್ಟ ಮಾತಲ್ಲ ಕಣ್ರಪ್ಪ. ಮಡ್ಲಿಗಾಕಿ ಕೊಟ್ಟ ಮಾತು. ಅವ್ನು ಅಲ್ಲಾಡಾಕಿಲ್ಲ.’ ಮಂಡಿಯವರೂ ಸುಮ್ಮನಾದರು. ಭೀಮನಬೀಡಿನ ಹಿರಿಯರೊಬ್ಬರು, ‘ಹಂಗಾದ್ರೆ ಸರಿ, ಇನ್ನೇನು ಕೇಳೋದು’ ಎಂದು ಎಲೆ ಅಡಿಕೆ ಕೊಟ್ಟು ಕಳಿಸಿದರಂತೆ. ಬೇರೆ ಊರಿನವರು ಇದನ್ನು ಕೇಳಿ ನಗಬಹುದು. ನಮ್ಮವರು ಯಾರೂ ನಗಲಿಲ್ಲ. ಅಸೆಂಬ್ಲಿಯ ಮೆಂಬರಿಗೂ ಅಕ್ಕನ ತಮ್ಮನಿಗೂ ನಡುವೆ ಎಷ್ಟು ದೂರ ಎಂದು ಅಳೆದು ನೋಡಿದವರು ನಮ್ಮಲ್ಲಿ ಇರಲಿಲ್ಲ. ಎರಡೂ ಒಂದೇ ಮೈ ಎಂದುಕೊಂಡಿದ್ದೆವು.

ಅವ್ವ ಆ ಅಕ್ಕಿಯನ್ನು ಕೂಡಲೆ ಪಾಯಸ ಮಾಡಲಿಲ್ಲ. ಕುಡಿಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದೇವರ ಗೂಡಿನ ಕೆಳಗಿಟ್ಟಳು. ‘ಅವ್ನ ಮಾತು ನಡೀಲಿ, ಆಮೇಲೆ ಮಾಡನ’ ಎಂದಳು.

ಸಭೆ ನಡೆದ ದಿನ ಅಪ್ಪ ಗುಂಡ್ಲುಪೇಟೆಯಲ್ಲೇ ಇದ್ದ. ಬಟ್ಟೆ ಅಂಗಡಿಯಲ್ಲಿ ನನಗೊಂದು ಲಂಗದ ಬಟ್ಟೆ ಕೊಳ್ಳಬೇಕಾಗಿತ್ತು ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದ. ಬಸ್‌ಸ್ಟ್ಯಾಂಡಿನ ಎದುರು ಕೇರಳದ ಕಾಕನೊಬ್ಬನ ಟೀ ಅಂಗಡಿ. ಅಲ್ಲಿ ರೇಡಿಯೊ ಇತ್ತು. ಬತ್ತೇರಿಗೆ ಹೋಗುವ ಲಾರಿಗಳು ನಿಂತಿದ್ದವು. ಡ್ರೈವರುಗಳು ಟೀ ಕುಡಿಯುತ್ತಿದ್ದರು. ವಾರ್ತೆ ಬಂದಾಗ ಕಾಕ ಲೋಟ ತೊಳೆಯುವುದನ್ನು ನಿಲ್ಲಿಸಿದ. ಹಳಬರು ಸೋತಿದ್ದರು. ಪಕ್ಷ ಹೊಸ ನಾಯಕನನ್ನು ಆರಿಸಿತ್ತು.

ಅಪ್ಪ ಅರ್ಧ ಕುಡಿದ ಟೀ ಲೋಟ ಕೆಳಗಿಟ್ಟ. ಆಮೇಲೆ ಪಕ್ಕದಲ್ಲಿದ್ದವನಿಗೆ, ‘ಸೋತ್ರೂ ಸೋಲಲಿ. ನಮ್ಮೋನು ನಿಂತಿರ್ತಾನೆ’ ಎಂದ. ಮಂಡಿ ಯಜಮಾನ ಬಂದು ಅಪ್ಪನ ಭುಜದ ಮೇಲೆ ಕೈಯಿಟ್ಟ. ‘ಸೋತೋರ ಜೊತೆ ನಿಲ್ಲೋದು ಸುಲಭ ಅಲ್ಲ ಕಣಪ್ಪ. ನಿನ್ ಭಾಮೈದನ್ನ ನಾನು ತಪ್ಪು ತಿಳ್ಕೊಂಡಿದ್ದೆ.’ ಅಂದು ಅಪ್ಪ ಮನೆಗೆ ಬರುವಾಗ ಸೋತವನಂತೆ ಇರಲಿಲ್ಲ. ಅವ್ವನಿಗೆ ಹೇಳಿದ: ‘ನಮ್ ದೊಡ್ಡೋರು ಹೋದ್ರು ಕಣಮ್ಮಿ. ಆದ್ರೆ ನಿನ್ ಕೂಸು ಮಾತು ಉಳಿಸ್ತು.’

‘ಯಾರಂದ್ರು?’

‘ಯಾರನ್ನಬೇಕು? ಮಡ್ಲಕ್ಕಿ ಹಾಕವ್ನೆ.’

ಎರಡು ದಿನ ಬಿಟ್ಟು, ಸೋಮವಾರ, ಅವ್ವ ತಲೆಗೆ ನೀರು ಹಾಕಿಕೊಂಡು ಲಿಂಗಪೂಜೆ ಮಾಡಿ ಕುಡಿಕೆಯ ಬಟ್ಟೆ ಬಿಚ್ಚಿದಳು. ಅಕ್ಕಿ ಆರಿಸಿ, ತೊಳೆದು, ನೆನೆ ಹಾಕಿದಳು. ನನ್ನ ಕೈಲಿ ಬೆಲ್ಲ ಜಜ್ಜಿಸಿದಳು. ಅಕ್ಕಪಕ್ಕದ ಮನೆಯ ಮಕ್ಕಳಿಗೆ ಮಧ್ಯಾಹ್ನ ಪಾಯಸಕ್ಕೆ ಬನ್ನಿ ಎಂದು ಹೇಳಿ ಕಳಿಸಿದಳು.

ಅಪ್ಪ ಬೆಳಿಗ್ಗೆಯೇ ಪೇಟೆಗೆ ಹೋಗಿದ್ದವನು ಮಧ್ಯಾಹ್ನದ ಹೊತ್ತಿಗೆ ಬಂದ. ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದ. ಮೈಸೂರಿನ ಬಸ್ಸಿನಲ್ಲಿ ಪೇಪರು ಬಂದಿತ್ತು. ಹೊಸ ಮಂತ್ರಿಗಳ ಹೆಸರುಗಳು ಅದರಲ್ಲಿದ್ದವು. ಕೊನೆಯ ಸಾಲಿನಲ್ಲಿ ಉಪಮಂತ್ರಿಗಳು. ಅಲ್ಲಿ ಮಾವನ ಹೆಸರಿತ್ತು. ಅಪ್ಪ ಪೇಪರನ್ನು ನನ್ನ ಕೈಗೆ ಕೊಟ್ಟು, ‘ನಿಮ್ಮವ್ವಂಗೆ ಓದು’ ಎಂದ. ನಾನು ಓದಿದೆ. ಅವ್ವನಿಗೆ ಮೊದಲು ಅರ್ಥವಾಗಲಿಲ್ಲ. ‘ಸೋತೋರಿಗೂ ಕೊಟ್ಟವ್ರಾ?’ ಎಂದು ಕೇಳಿದಳು.

‘ಇಲ್ಲ ಕಣಮ್ಮಿ,’ ಎಂದ ಅಪ್ಪ. ‘ಗೆದ್ದೋರಿಗೆ ಕೊಟ್ಟವ್ರೆ.’

ಪೇಟೆಯಲ್ಲಿ ಅವನಿಗೆ ಮಾವನ ಹಿಂದೆ ತಿರುಗುವವನೊಬ್ಬ ಸಿಕ್ಕಿದ್ದನಂತೆ. ಅವನು ಖುಷಿಯಾಗಿದ್ದ. ಸಭೆಯಲ್ಲಿ ಮೊದಲು ಕೈಯೆತ್ತಿದವರಲ್ಲಿ ನಿಮ್ಮ ಭಾಮೈದನೂ ಒಬ್ಬ ಎಂದು ಹೇಳಿದ. ಇನ್ನೂ ಒಂದು ಮಾತು ಹೇಳಿದ. ಅದನ್ನು ಅಪ್ಪ ಅವ್ವನ ಮುಂದೆ ಆಡಲಿಲ್ಲ. ಎಷ್ಟೋ ದಿನದ ಮೇಲೆ ನನಗೆ ಹೇಳಿದ. ‘ನೀವೇ ಉಪಕಾರ ಮಾಡಿದ್ದು ಅಣ್ಣಾರೆ. ಅಲ್ಲಾಡಾಕಿಲ್ಲ, ಅಲ್ಲಾಡಾಕಿಲ್ಲ ಅಂತ ನೀವು ಊರೂರಲ್ಲಿ ಸಾರುದ್ರಿ. ಅದು ಬೆಂಗ್ಳೂರ್ಗಂಟ ಹೋಯ್ತು. ಅಲ್ಲಾಡೋ ಮರ ಆಗಿದ್ರೆ ಒಂದು ಕೈಲಿ ತಳ್ಳೋರು. ಅಲ್ಲಾಡದ ಮರ ಅಂತ್ಲೇ ಮಂತ್ರಿಗಿರಿ ಅನ್ನೋ ಅಷ್ಟು ದೊಡ್ಡ ಹಗ್ಗ ತಂದ್ರು.’

ಮನೆಯಲ್ಲಿ ಅಂದು ಯಾರೂ ಕೂಗಾಡಲಿಲ್ಲ. ಅವ್ವ ನೆನೆದ ಅಕ್ಕಿಯ ಪಾತ್ರೆಯ ಮುಂದೆ ಕೂತಿದ್ದಳು. ಅದನ್ನು ಬೇಯಿಸುವಂತಿಲ್ಲ. ತಿರುಗಿ ಕುಡಿಕೆಗೆ ತುಂಬಿಡುವಂತಿಲ್ಲ. ಚೆಲ್ಲುವಂತಂತೂ ಇಲ್ಲವೇ ಇಲ್ಲ. ನೀರು ಬಸಿದು, ಅಕ್ಕಿಯನ್ನು ಬುಟ್ಟಿಗೆ ಹಾಕಿಕೊಂಡು ಎದ್ದಳು. ನಮ್ಮ ಕೊಟ್ಟಿಗೆ ದಾಟಿ ಪಕ್ಕದ ಮನೆಯವರ ಹಸುವಿಗೆ ಹಾಕಿ ಬಂದಳು. ನಮ್ಮ ಹಸುವಿಗೆ ಏಕೆ ಹಾಕಲಿಲ್ಲ ಎಂದು ಕೇಳಿದೆ. ‘ಅದರ ಹಾಲು ನಾವು ಕುಡೀಬೇಕಲ್ಲ’ ಎಂದಳು. ಮಕ್ಕಳು ಪಾಯಸಕ್ಕೆ ಬಂದವು. ಅವಕ್ಕೆ ಜಜ್ಜಿಟ್ಟ ಬೆಲ್ಲವನ್ನು ಕೊಟ್ಟು ಕಳಿಸಿದಳು.

ಆಮೇಲೆ ಬಂದ ಗೌರಿ ಹಬ್ಬಕ್ಕೆ ಮಾವನ ಜೀಪು ಬಂತು. ಡ್ರೈವರು ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟ ತಟ್ಟೆಯನ್ನು ಜಗಲಿಯ ಮೇಲೆ ಇಟ್ಟ. ಮೈಸೂರು ಸಿಲ್ಕಿನ ಸೀರೆ. ಅಂಥದನ್ನು ಮಾವ ಹಿಂದೆ ಎಂದೂ ಕೊಟ್ಟಿರಲಿಲ್ಲ. ಅವ್ವ ತಟ್ಟೆ ಮುಟ್ಟಲಿಲ್ಲ. ಡ್ರೈವರಿಗೆ ಮಜ್ಜಿಗೆ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಕಾದು, ಹೇಳಿದಳು: ‘ತಕ್ಕೊಂಡೋಗಪ್ಪ. ನಿಮ್ ಸಾಹೇಬ್ರ ಅಕ್ಕ ಈ ಮನೇಲಿಲ್ಲ.’

‘ಅಮ್ಮಾರೆ, ನಾನು ಏನಂತ ಹೇಳ್ಲಿ? ನನ್ ಕೆಲ್ಸ ಹೋಯ್ತದೆ.’

‘ಹೋಗಾಕಿಲ್ಲ. ಅಕ್ಕ ಸಿಗ್ಲಿಲ್ಲ ಅನ್ನು. ಸುಳ್ಳಲ್ಲ ಅದು.’

ಅವನು ಹೋದ. ಅಪ್ಪ ಜಗಲಿಯ ಕೊನೆಯಲ್ಲಿ ಕೂತು ನೋಡುತ್ತಿದ್ದ. ಅಂದು ಅವನು ಅವ್ವನ ಕಡೆ ನೋಡಿದ ನೋಟದಲ್ಲಿ ಎಷ್ಟು ಗೌರವವಿತ್ತು ಎಂದರೆ, ನನಗೆ ಇವರಿಬ್ಬರ ಮಗಳು ನಾನು ಎಂದು ಹೆಮ್ಮೆಯಾಗಿತ್ತು. ತವರು ಹೋದರೂ ಅವ್ವನಿಗೆ ಅಪ್ಪ ಇದ್ದಾನೆ ಎಂದುಕೊಂಡಿದ್ದೆ.

ಮುಂದಿನ ಚುನಾವಣೆ ಬಂತು. ಅಪ್ಪ ಎರಡು ವಾರ ಮಂಡಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಒಂದು ಸಂಜೆ ನಮ್ಮ ಬಾಗಿಲಿಗೆ ಜೀಪು ಬಂದು ನಿಂತಿತು. ಮಾವ ಇಳಿಯಲಿಲ್ಲ. ಅಪ್ಪನೇ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ಮಾತಾಡಿದ. ತುಂಬ ಹೊತ್ತು ಮಾತಾಡಿದ. ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಮಾವ ಒಳಗಿನಿಂದ ಕೈ ಚಾಚಿ ಅಪ್ಪನ ಕೈ ಹಿಡಿದುಕೊಂಡ. ಅಪ್ಪ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಒಳಗೆ ಬಂದು ಗೂಟದಿಂದ ಟೋಪಿ ತೆಗೆದುಕೊಂಡ.

ಅವ್ವ ಒಲೆಯ ಮುಂದೆ ಇದ್ದಳು. ‘ಎಲ್ಲಿಗೆ?’ ಎಂದಳು.

‘ಭೀಮನಬೀಡು ಕಡೆ ಹೋಗ್ಬತ್ತೀನಿ. ಪಕ್ಷದ ಕೆಲ್ಸ.’

‘ಯಾರ ಪಕ್ಷ?’

‘ಪಕ್ಷ ಒಂದೇ ಕಣಮ್ಮಿ. ಒಳಗೊಳಗೆ ಇವೆಲ್ಲ ಇದ್ದದ್ದೆ. ಇವತ್ತು ಹಿಂಗಿರ್ತದೆ, ನಾಳೆ ಹಂಗಿರ್ತದೆ. ನಾನು ಬುಟ್ರೆ ಸುತ್ತಲ ಊರಲ್ಲಿ ನನ್ನ ಯಾರು ಮಾತಾಡ್ಸಾರು?’

ಅವ್ವ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಲಿಲ್ಲ. ‘ನಿಮ್ ಮೊಖ ಉಳೀಲಿ ಅಂತ ನಾನು ತವ್ರು ಬುಟ್ಟೆ,’ ಎಂದಳು. ‘ನೀವು ನನ್ನ ಬುಟ್ಟು ನನ್ ತವ್ರಿಗೆ ಹೊಂಟ್ರಿ.’

ಅಪ್ಪ ಟೋಪಿಯನ್ನು ತಲೆಗೆ ಇಟ್ಟುಕೊಂಡ. ಜೀಪಿನ ಹಾರ್ನ್ ಕೇಳಿಸಿತು. ಹೊರಟುಹೋದ. ಆ ಎಲೆಕ್ಷನ್ನಿನ ತನಕ ದಿನವೂ ಆ ಜೀಪಿನಲ್ಲೇ ಓಡಾಡಿದ. ಮಾವ ಗೆದ್ದ. ಮಂಡಿಯವರು ಮತ್ತೆ ಅಪ್ಪನಿಗೆ ಮೊದಲಿನ ಹಾಗೆ ಕುರ್ಚಿ ಕೊಟ್ಟರು. ಯಾರೂ ಮಡಿಲಕ್ಕಿಯ ಮಾತು ಎತ್ತಲಿಲ್ಲ. ಜನರಿಗೆ ಮರೆವು ಬೇಗ ಬರುತ್ತದೆ. ಅವ್ವನಿಗೆ ಬರಲಿಲ್ಲ, ಅಷ್ಟೆ.

ಅವಳು ಅಪ್ಪನೊಡನೆ ಜಗಳವಾಡಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲು ಇಟ್ಟಳು, ಕಾಲಿಗೆ ನೀರು ಕೊಟ್ಟಳು. ಆದರೆ ಮನೆಗೆ ಯಾರಾದರೂ ಬಂದು ಅಪ್ಪ ಎಲ್ಲಿ ಎಂದು ಕೇಳಿದರೆ, ಮೊದಲೆಲ್ಲ ‘ನಮ್ಮನೆಯೋರು ಹೊಲಕ್ಕೋಗವ್ರೆ’ ಅನ್ನುತ್ತಿದ್ದವಳು, ‘ಯಜಮಾನ್ರು ಹೊಲಕ್ಕೋಗವ್ರೆ’ ಅನ್ನತೊಡಗಿದಳು. ಹರವೆ ಕಡೆಯಿಂದ ಯಾರಾದರೂ ಬಂದರೆ ಮಳೆ ಆಯಿತೇ ಎಂದು ಕೇಳುತ್ತಿರಲಿಲ್ಲ.

ನನ್ನ ಮದುವೆ ಚಾಮರಾಜನಗರಕ್ಕೆ ಆಯಿತು. ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಅಪ್ಪ ಅವನನ್ನು ಕರೆದಿದ್ದ. ಅವನು ಬಂದು ನನ್ನ ಕೈ ಹಿಡಿದು ನಡೆಸಿದ. ಅವನ ಅಂಗೈ ಬೆವತಿತ್ತು. ‘ನಿಮ್ಮವ್ವ ಎಲ್ಲವ್ಳೆ?’ ಎಂದು ಮೆಲ್ಲಗೆ ಕೇಳಿದ. ನಾನು ತಲೆ ತಗ್ಗಿಸಿದವಳು ಎತ್ತಲಿಲ್ಲ. ಅವ್ವ ಧಾರೆಯ ಹೊತ್ತಿಗೆ ಬಂದು ನಿಂತಳು. ತಮ್ಮ ನಿಂತಿದ್ದ ಕಡೆಗೆ ಬೆನ್ನು ಮಾಡಿ ನಿಂತಳು.

ಮುಂದೆ ಬೆಂಗಳೂರಿನಲ್ಲಿ ಮತ್ತೆ ನಾಯಕರು ಬದಲಾದರು. ಮತ್ತೆ ಅದೇ ಸಭೆ, ಅದೇ ಗುಂಪು. ಈ ಸಲ ಮಾವ ಎತ್ತಿದ ಕೈ ಸೋತ ಕಡೆಯದಾಯಿತು. ಉಪಮಂತ್ರಿಗಿರಿ ಹೋಯಿತು. ಜೀಪು ಹೋಯಿತು. ಅಪ್ಪ ಇದನ್ನು ಹೇಳಿದಾಗ ಅವ್ವ ಹುರುಳಿ ಕೇರುತ್ತಿದ್ದಳು. ಮೊರದಿಂದ ಕಣ್ಣು ಎತ್ತದೆ, ‘ಉಂಡವ್ನಾ ಇಲ್ವಾ ಕೇಳುದ್ರಾ?’ ಎಂದಳು. ಕೂಡಲೆ ತುಟಿ ಬಿಗಿದುಕೊಂಡಳು. ತಮ್ಮನ ವಿಷಯವಾಗಿ ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ನಾನು ಆಗ ಊರಿಗೆ ಬಂದಿದ್ದೆ, ಆದ್ದರಿಂದ ನನಗೆ ಗೊತ್ತು.

ಅವಳಿಗೆ ಹೊಟ್ಟೆಯಲ್ಲಿ ಗೆಡ್ಡೆ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮಲಗಿದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಒಂದು ದಿನ ನಾನು ಗಂಜಿ ಕುಡಿಸುತ್ತಿದ್ದಾಗ, ‘ನಾನು ಹೋದ್ರೆ ತವ್ರು ಸೀರೆ ಅಂತ ಕಾಯಬ್ಯಾಡಿ. ನನ್ ಹಳೇ ಸೀರೇನೆ ಉಡ್ಸಿ ಕಳ್ಸಿ’ ಎಂದಳು. ಅಪ್ಪ ತಲೆದಿಂಬಿನ ಹತ್ತಿರ ಕೂತಿದ್ದ. ಅವನು ‘ಆಯ್ತು ಕಣಮ್ಮಿ’ ಎಂದ. ಇಬ್ಬರೂ ಕೇಳಿಸಿಕೊಂಡೆವು.

ಬೆಳಗಿನ ಹೊತ್ತು ಅವ್ವ ಹೋದಳು. ಹಣೆಗೆ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ಊರ ಹೆಂಗಸರು ಸುತ್ತ ಕೂತರು. ನಾನು ಪೆಟ್ಟಿಗೆಯಿಂದ ಅವಳ ಹಸಿರು ನೂಲಿನ ಸೀರೆ ತಂದೆ. ಮೂಲೆಯಲ್ಲಿದ್ದ ದೊಡ್ಡವ್ವ, ಅಪ್ಪನ ಅತ್ತಿಗೆ, ‘ತಡಿಯಮ್ಮಿ, ತವ್ರು ಸೀರೆ ಬರ್ಲಿ’ ಎಂದಳು.

‘ಬರಾಕಿಲ್ಲ ದೊಡ್ಡವ್ವ.’

‘ಬತ್ತದೆ. ನಿಮ್ಮಪ್ಪ ಹೇಳಿ ಕಳ್ಸವ್ನೆ.’

ಅಪ್ಪನ ಕಡೆ ನೋಡಿದೆ. ಅವನು ಅಂಗಳದಲ್ಲಿ ಗಂಡಸರ ನಡುವೆ ನಿಂತಿದ್ದ. ನನ್ನ ಕಡೆ ತಿರುಗಲಿಲ್ಲ. ಮುತ್ತೈದೆ ಸತ್ತಾಗ ತವರಿನ ಸೀರೆ ಇಲ್ಲದೆ ಕಳಿಸಿದರೆ ಊರು ಏನೆಂದೀತು ಎನ್ನುವುದು ಅವನ ಚಿಂತೆ. ಅವ್ವ ಏನೆಂದಿದ್ದಳು ಎನ್ನುವುದನ್ನು ಅವನ ಜೊತೆ ಕೇಳಿಸಿಕೊಂಡವಳು ನಾನೊಬ್ಬಳೇ. ಒಬ್ಬಳ ಮಾತು ಊರಿನ ಮುಂದೆ ಎಷ್ಟು ತೂಗುತ್ತದೆ?

ಮಾವ ಬಾಡಿಗೆ ಕಾರಿನಲ್ಲಿ ಬಂದ. ಕೂದಲು ಬೆಳ್ಳಗಾಗಿತ್ತು. ಸೀರೆಯ ಪೊಟ್ಟಣ ಎದೆಗೆ ಒತ್ತಿಕೊಂಡಿದ್ದ. ಅಪ್ಪ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡ. ಹೆಂಗಸರು ಉಡಿಸಿದರು. ನಾನು ಮುಟ್ಟಲಿಲ್ಲ. ಆಮೇಲೆ ದೊಡ್ಡವ್ವ ಮೊರ ತಂದಿಟ್ಟು, ‘ಮಡ್ಲು ತುಂಬಪ್ಪ. ತಮ್ಮ ನೀನೇ ತಾನೆ’ ಎಂದಳು.

ಅವನು ಮಂಡಿಯೂರಿ ಕೂತ. ಹರವೆಯ ಮನೆಯಲ್ಲಿ ಕೂತಿದ್ದ ಹಾಗೆಯೇ. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಕಾದ. ಸತ್ತವಳು ಸೆರಗೊಡ್ಡುವುದಿಲ್ಲ. ಮಗಳು ಹಿಡಿಯಬೇಕು. ‘ಹಿಡ್ಕಳಮ್ಮಿ’ ಎಂದರು ಯಾರೋ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಇನ್ನೊಮ್ಮೆ ಹೇಳಿದರು. ಮಾವನೂ ತಲೆ ಎತ್ತಿ ನನ್ನನ್ನು ನೋಡಿದ. ಕೊನೆಗೆ ಅಕ್ಕಿಯನ್ನು ಹಾಗೆಯೇ ಹಾಕಿಬಿಟ್ಟ. ಹೊಸ ಸೀರೆ ನುಣುಪಾಗಿತ್ತು. ಹಿಡಿಯುವವರಿಲ್ಲದ ಮಡಿಲಿನಿಂದ ಅಕ್ಕಿ ಜಾರಿ ನೆಲದ ತುಂಬ ಹರಡಿತು. ‘ಅಕ್ಕಾ’ ಎಂದು ಅವನು ಅತ್ತ. ಅದು ಸುಳ್ಳು ಅಳುವಲ್ಲ. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು.

ತುಳಿಯಬಾರದ ಅಕ್ಕಿ. ಅಪ್ಪ ಬಗ್ಗಿ ಕೂತು ಒಂದೊಂದೇ ಕಾಳು ಆಯತೊಡಗಿದ. ಜನ ಅವನಿಗೆ ಜಾಗ ಬಿಟ್ಟರು. ನಾನು ನೋಡುತ್ತಾ ನಿಂತಿದ್ದೆ.

ಅವ್ವನ ವರ್ಷ ಮುಗಿದ ಮೇಲೆ ಮೊನ್ನೆ ಮೊದಲ ಗೌರಿ ಹಬ್ಬ ಬಂತು. ಅಪ್ಪ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದ. ಈಗ ನನ್ನ ತವರು ಎಂದರೆ ಅವನೊಬ್ಬನೇ. ಚೀಲದಿಂದ ಸೀರೆ, ಬಳೆ, ಒಂದು ಗಂಟು ಅಕ್ಕಿ ತೆಗೆದು ಚಾಪೆಯ ಮೇಲೆ ಇಟ್ಟ. ಖಾದಿ ಅಂಗಿ ಹೆಗಲ ಹತ್ತಿರ ಹರಿದು, ಕೈಹೊಲಿಗೆ ಹಾಕಿತ್ತು. ಅವ್ವ ಇದ್ದಿದ್ದರೆ ಹೊಲಿಗೆ ಹೊರಗೆ ಕಾಣಿಸುತ್ತಿರಲಿಲ್ಲ. ನಾನು ಕಾಫಿ ಕೊಟ್ಟೆ. ಊದಿ ಊದಿ ಕುಡಿದ. ಮಳೆ, ಈರುಳ್ಳಿ ಬೆಲೆ ಹೇಳಿದ. ಆಮೇಲೆ ಅಭ್ಯಾಸ ಬಲದಿಂದ, ‘ಬೆಂಗ್ಳೂರಲ್ಲಿ ಮತ್ತೆ ಗುಜುಗುಜು ಎದ್ದದಂತೆ ಕಣಮ್ಮಿ. ನಿಮ್ಮಾವ ಈ ಸಲ…’ ಎಂದು ಶುರು ಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಲೋಟದ ತಳ ನೋಡುತ್ತ ಕೂತ.

ಹೊರಡುವ ಹೊತ್ತಿಗೆ ಅಕ್ಕಿಯ ಗಂಟು ಬಿಚ್ಚಿದ. ‘ನಾನೇ ಹಾಕ್ತೀನಿ. ಇನ್ಯಾರವ್ರೆ. ಸೆರಗೊಡ್ಡು ಮಗ’ ಎಂದ.

ಸೀರೆಯನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡೆ. ಬಳೆಯನ್ನು ಅವನ ಮುಂದೆಯೇ ತೊಟ್ಟುಕೊಂಡೆ. ಅಕ್ಕಿಯ ಗಂಟನ್ನು ಮತ್ತೆ ಕಟ್ಟಿ ಅವನ ಚೀಲಕ್ಕೆ ಹಾಕಿದೆ.

‘ಸೀರೆ ಸಾಕು ಕಣಪ್ಪ. ಅಕ್ಕಿ ನೀನೇ ಮಾಡ್ಕೊಂಡು ಉಣ್ಣು’ ಎಂದೆ.

ಅವನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಾಗಿಲಲ್ಲಿ ನಿಂತು, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ.